ಟ್ಯಾಂಡೆಮ್ 16: ಬದಲಿ ಪ್ರೋಸೆಸ್ ಅದೇ ಹಣವನ್ನು ಎರಡು ಸಲ ಏಕೆ ಕಳೆಯುವುದಿಲ್ಲ?

ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಜೇಮ್ಸ್ ಟ್ರೇಬಿಗ್ ಮತ್ತು ಸಂಗಡಿಗರು ಆರಂಭಿಸಿದ ಟ್ಯಾಂಡೆಮ್ ಕಂಪನಿಯ ಮೊದಲ ಮಿನಿಕಂಪ್ಯೂಟರ್ ಟ್ಯಾಂಡೆಮ್ 16, 1976ರಲ್ಲಿ ಸಿಟಿಬ್ಯಾಂಕನ್ನು ಸೇರಿತು. ಯಾವುದೇ ಒಂದು ಭಾಗ ಕೆಟ್ಟರೂ ಕೆಲಸ ನಿಲ್ಲಬಾರದೆಂಬುದು ಅದರ ವಿನ್ಯಾಸದ ಮೂಲ ನಿಯಮ. ಅದರಲ್ಲಿ 2ರಿಂದ 16 ಪ್ರೊಸೆಸರ್‌ಗಳಿರುತ್ತವೆ. ಪ್ರತಿಯೊಂದಕ್ಕೂ ಸ್ವಂತ ಮೆಮೊರಿ ಇರುವುದರಿಂದ ಒಂದರಲ್ಲಿ ಹಾಳಾದ ಮಾಹಿತಿ ಇನ್ನೊಂದರ ಮೆಮೊರಿಯನ್ನು ಕೆಡಿಸುವುದಿಲ್ಲ. ಅವುಗಳನ್ನು ಜೋಡಿಸುವ, ಡೈನಾಬಸ್ ಎಂಬ ಸಂದೇಶದ ದಾರಿಗಳು ಎರಡು; ಡಿಸ್ಕನ್ನು ನಿಯಂತ್ರಿಸುವ ಕಂಟ್ರೋಲರ್‌ನ ಪೋರ್ಟ್‌ಗಳೂ, ಅಂದರೆ ಜೋಡಣೆಯ ಕಿಂಡಿಗಳೂ, ಎರಡು. ಸೆಮಿಕಂಡಕ್ಟರ್ ಮೆಮೊರಿಯಲ್ಲಿ ಪ್ರತಿ 16 ಬಿಟ್‌ಗೆ 6 ಪರೀಕ್ಷಾ ಬಿಟ್‌ಗಳಿದ್ದು, ಒಂದು ಬಿಟ್ ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಪತ್ತೆ ಹಚ್ಚುತ್ತವೆ.

ನಾನು ಎರಡು ದಿನ ಸಿಕ್ಕಿಕೊಂಡದ್ದು ಪ್ರೋಸೆಸ್ ಜೋಡಿಯಲ್ಲಿ. ಪ್ರೋಸೆಸ್ ಎಂದರೆ ಪ್ರೊಸೆಸರ್‌ನಲ್ಲಿ ನಡೆಯುತ್ತಿರುವ ಪ್ರೋಗ್ರಾಂ; ಇಲ್ಲಿ ಅದಕ್ಕೆ ಮುಖ್ಯ ಮತ್ತು ಬದಲಿ ಎಂಬ ಜೋಡಿ ಇರುತ್ತದೆ. ಎರಡು ಪ್ರೊಸೆಸರ್‌ಗಳೂ ಒಂದೇ ಲೆಕ್ಕವನ್ನು ಏಕಕಾಲಕ್ಕೆ ಮಾಡುತ್ತವೆ ಎಂದು ಭಾವಿಸಿದ್ದೆ, ಅದು ತಪ್ಪು. ಕೆಲಸ ಮಾಡುವುದು ಮುಖ್ಯ ಪ್ರೋಸೆಸ್ ಮಾತ್ರ. ಬೇರೆ ಪ್ರೊಸೆಸರ್‌ನಲ್ಲಿರುವ ಬದಲಿ ಪ್ರೋಸೆಸ್ ಲೆಕ್ಕ ಮಾಡದೆ, ಮುಖ್ಯವು ಆಗಾಗ ಕಳಿಸುವ ಚೆಕ್‌ಪಾಯಿಂಟ್‌ಗಳನ್ನು, ಅಂದರೆ ಕೆಲಸ ಎಲ್ಲಿಗೆ ಬಂದಿದೆ ಎಂಬ ವಿವರವನ್ನು, ಇಟ್ಟುಕೊಂಡು ಕಾಯುತ್ತದೆ. ಪ್ರತಿ ಪ್ರೊಸೆಸರ್ ಸೆಕೆಂಡಿಗೊಮ್ಮೆ ‘ನಾನು ಬದುಕಿದ್ದೇನೆ’ ಎಂಬ ಸಂದೇಶ ಕಳಿಸಬೇಕು. ಅದು ಬರದಿದ್ದರೆ ಉಳಿದವು ಅದನ್ನು ಸತ್ತದ್ದೆಂದು ಪರಿಗಣಿಸುತ್ತವೆ, ಬದಲಿಯು ಮುಂದುವರಿಸುತ್ತದೆ.

ಖಾತೆಯಲ್ಲಿ 5,000 ಇದೆ, 1,000 ಕಳೆಯಬೇಕು, ಕೋರಿಕೆಯ ಸಂಖ್ಯೆ 7 ಎಂದುಕೊಳ್ಳೋಣ. ಡಿಸ್ಕಿಗೆ ಬರೆದ ಮರುಕ್ಷಣವೇ ಮುಖ್ಯವು ಸತ್ತರೆ, ಬದಲಿಯು 4,000ವನ್ನು ಓದಿ ಮತ್ತೆ 1,000 ಕಳೆದು 3,000 ಮಾಡುವುದಿಲ್ಲವೇ? ಉತ್ತರವಿರುವುದು ಕ್ರಮದಲ್ಲಿ. ಡಿಸ್ಕಿಗೆ ಬರೆಯುವ ಮೊದಲೇ ಮುಖ್ಯವು ‘7ನೆಯ ಕೋರಿಕೆ, ಬರೆಯಬೇಕಾದ ಮೊತ್ತ 4,000’ ಎಂದು ಬದಲಿ ಪ್ರೋಸೆಸ್‌ಗೆ ಚೆಕ್‌ಪಾಯಿಂಟ್ ಕಳಿಸಿ ತಿಳಿಸಿರುತ್ತದೆ. ಹೀಗಾಗಿ ಬದಲಿಯು ಹೊಸದಾಗಿ ಕಳೆಯದೆ, ತನ್ನಲ್ಲಿರುವ 4,000ವನ್ನೇ ಬರೆಯಹೊರಡುತ್ತದೆ. ಆ ಬರವಣಿಗೆಗೂ ಕ್ರಮಸಂಖ್ಯೆ ಇರುವುದರಿಂದ, ಅದು ಈಗಾಗಲೇ ಮುಗಿದಿದ್ದರೆ, ಡಿಸ್ಕಿನ ಓದು-ಬರಹ ನೋಡಿಕೊಳ್ಳುವ ಡಿಸ್ಕ್ ಪ್ರೋಸೆಸ್ ಪುನಃ ಬರೆಯದೆ ಹಿಂದಿನ ಫಲಿತಾಂಶವನ್ನೇ ಮರಳಿಸುತ್ತದೆ. ಚೆಕ್‌ಪಾಯಿಂಟ್‌ಗೂ ಮೊದಲೇ ಮುಖ್ಯವು ಸತ್ತಿದ್ದರೆ ಡಿಸ್ಕಿನಲ್ಲಿ ಇನ್ನೂ 5,000 ಇರುತ್ತದೆ. ಆಗ ಕೋರಿಕೆ ಬದಲಿ ಪ್ರೋಸೆಸ್‌ಗೆ ಮತ್ತೆ ಬಂದು, ಮೊದಲಿನಿಂದ ನಡೆಯುತ್ತದೆ. ಕಾಗದದ ಮೇಲೆ ಚೆಕ್‌ಪಾಯಿಂಟ್, ಬರವಣಿಗೆ, ಉತ್ತರ ಎಂದು ಸಾಲಾಗಿ ಬರೆದು, ಪ್ರತಿ ಎರಡರ ನಡುವೆ ಒಂದು ಅಡ್ಡಗೆರೆ ಎಳೆದು ‘ಇಲ್ಲಿ ಸತ್ತರೆ?’ ಎಂದು ಕೇಳಿಕೊಳ್ಳಿ. ನನಗೆ ವಿಷಯ ತಿಳಿಯಾದದ್ದು ಹಾಗೆಯೇ.

ಕೆಟ್ಟ ಪ್ರೊಸೆಸರನ್ನು ಉಳಿದವು ನಡೆಯುತ್ತಿರುವಾಗಲೇ ದುರಸ್ತಿ ಮಾಡಬಹುದು. ಆದರೆ ಅದು ಮರಳಿ ಹೊಸ ಬದಲಿ ಸಿದ್ಧವಾಗುವವರೆಗೆ, ಕೆಲಸ ಮುಂದುವರಿಸಿದ ಪ್ರೋಸೆಸ್ ಒಂಟಿಯಾಗಿರುತ್ತದೆ. ಆ ಅವಧಿಯಲ್ಲಿ ಎರಡನೆಯ ಪ್ರೊಸೆಸರ್ ಕೂಡ ಕೆಟ್ಟರೆ ಅದರ ಕೆಲಸ ನಿಲ್ಲುತ್ತದೆ.