ರಿಪೀಟರ್‌ಗೆ ಬಾಯಿಗಿಂತ ಕಿವಿ ಮುಖ್ಯ

ಕಳೆದ ತಿಂಗಳು ಇಲ್ಲೇ ಚಿತ್ರದುರ್ಗದ ಬುರುಜನಹಟ್ಟಿಯಿಂದ ಒಬ್ಬರು ನನ್ನ ಅಂಗಡಿಗೆ ಬಂದರು. ಹೊಸದಾಗಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಲೈಸೆನ್ಸ್ ತೆಗೆದುಕೊಂಡವರು. ಕೈಯಲ್ಲಿದ್ದ ಚೀಲದಲ್ಲಿ ಕಾರಿಗೆ ಹಾಕುವಂಥ ಎರಡು ರೇಡಿಯೊ ಸೆಟ್, ಅಂಗೈ ಅಗಲದ ಒಂದು ಡುಪ್ಲೆಕ್ಸರ್ (ಕೇಳುವ ಸಿಗ್ನಲ್, ಹೇಳುವ ಸಿಗ್ನಲ್ ಎರಡನ್ನೂ ಬೇರ್ಪಡಿಸುವ ಡಬ್ಬಿ). "ಸಾರ್, ಇವನ್ನ ಜೋಡಿಸಿ ಕೊಡಿ. ಮನೆ ಮೇಲೆ ರಿಪೀಟರ್ ಇಡ್ತೀನಿ. ದಾವಣಗೆರೆ ಸ್ನೇಹಿತರಿಗೆ ನನ್ನ ಮಾತು ಕೇಳಿಸ್ತಾನೇ ಇಲ್ಲ" ಅಂದರು. ಈಗ ಯಾವ ಆಂಟೆನಾ ಬಳಸ್ತಿದ್ದೀರಿ ಅಂತ ಕೇಳಿದೆ. ವಾಕಿಟಾಕಿ ಜತೆ ಬಂದ ಗೇಣುದ್ದದ ರಬ್ಬರ್ ಆಂಟೆನಾ. ಅದನ್ನೂ ಮನೆಯೊಳಗೆ ನಿಂತು ಬಳಸುತ್ತಿದ್ದರು.

ಚೀಲ ಅಲ್ಲೇ ಇಟ್ಟು ಹೋಗಿ, ಭಾನುವಾರ ನಿಮ್ಮ ತಾರಸಿಗೆ ನಾನೇ ಬರ್ತೀನಿ ಅಂದೆ.

ರಿಪೀಟರ್ ಬೇಕು ಅಂತ ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿಗೆ ನಿಜವಾಗಿ ಬೇಕಾಗಿರುವುದು ಒಳ್ಳೆಯ ಆಂಟೆನಾ. ಯಾಕೆ ಅಂತ ಹೇಳಬೇಕಾದರೆ ರಿಪೀಟರ್ ಏನು ಮಾಡುತ್ತದೆ ಅನ್ನೋದನ್ನ ಮೊದಲು ನೋಡಬೇಕು. ನಮ್ಮ ಕೋಟೆಯ ಬತೇರಿ ಮೇಲೆ ಒಬ್ಬ ನಿಂತಿದ್ದಾನೆ ಅಂದುಕೊಳ್ಳಿ. ಗುಡ್ಡದ ಈ ಕಡೆಯವರು ಕೂಗಿದ್ದನ್ನು ಕೇಳಿಸಿಕೊಂಡು, ಅದೇ ಮಾತನ್ನು ಆ ಕಡೆಯವರಿಗೆ ಕೂಗಿ ಹೇಳುತ್ತಾನೆ. ರಿಪೀಟರ್ ಮಾಡೋದೂ ಇಷ್ಟೇ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳುತ್ತದೆ, ಅದೇ ಕ್ಷಣ ಇನ್ನೊಂದರಲ್ಲಿ ಹೇಳುತ್ತದೆ. ಎರಡು ಮೀಟರ್ ಬ್ಯಾಂಡ್ ಅಂತ ಕರೆಯುವ 145 ಮೆಗಾಹರ್ಟ್ಸ್ ಆಸುಪಾಸಿನ ಹ್ಯಾಮ್ ಫ್ರೀಕ್ವೆನ್ಸಿಗಳಲ್ಲಿ ಈ ಎರಡರ ನಡುವೆ 600 ಕಿಲೋಹರ್ಟ್ಸ್ ಅಂತರ ಇಡುವುದು ರೂಢಿ. 145.000 ಮೆಗಾಹರ್ಟ್ಸ್‌ನಲ್ಲಿ ಕೇಳಿದರೆ 145.600ರಲ್ಲಿ ಹೇಳುತ್ತದೆ.

ಬತೇರಿಯವನು ಉಪಯೋಗಕ್ಕೆ ಬರುವುದು ಎತ್ತರದಲ್ಲಿ ನಿಂತಿರುವುದರಿಂದ. ಅವನನ್ನೇ ಕೆಳಗಿಳಿಸಿ ನಿಮ್ಮ ಮನೆ ಜಗುಲಿಯಲ್ಲಿ ಕೂರಿಸಿದರೆ ನಿಮಗೆ ಕೇಳಿಸಿದ್ದೇ ಅವನಿಗೂ ಕೇಳಿಸುತ್ತದೆ. ಗುಡ್ಡದ ಮರೆಯಲ್ಲಿರುವ ಮನೆಯ ರಿಪೀಟರೂ ಆ ಮರೆಯೊಳಗೇ ಇರುತ್ತದೆ. ಮನೆಯಲ್ಲಿ ಕೂತು ದೂರ ಮಾತಾಡುವುದಕ್ಕೆ ಮನೆ ಮೇಲಿನ ರಿಪೀಟರ್ ಒಂದಿಷ್ಟೂ ನೆರವಾಗುವುದಿಲ್ಲ. ಅದು ನೆರವಾಗುವುದು ವಾಕಿಟಾಕಿ ಹಿಡಿದು ಸುತ್ತಮುತ್ತ ಓಡಾಡುವವರಿಗೆ. ಅದೂ ನಿಮ್ಮ ಆಂಟೆನಾ ಅವರಿಗಿಂತ ಸಾಕಷ್ಟು ಮೇಲಿದ್ದರೆ ಮಾತ್ರ.

ಎತ್ತರದ ಲೆಕ್ಕ ಸುಲಭ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಆ ಆಂಟೆನಾಗೆ ಎಷ್ಟು ಕಿಲೋಮೀಟರ್ ದೂರದ ದಿಗಂತ ಕಾಣುತ್ತದೆ ಅನ್ನೋದು ಸಿಗುತ್ತದೆ. ಎದುರಿನ ಆಂಟೆನಾಗೂ ಹೀಗೇ ಲೆಕ್ಕ ಹಾಕಿ ಎರಡನ್ನೂ ಕೂಡಿಸಬೇಕು. ಕೈಯಲ್ಲಿ ಹಿಡಿದ ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 5 ಕಿಲೋಮೀಟರ್. ಅಂಥ ಎರಡು ಸೆಟ್ ಸೇರಿದರೆ 10. ಇದು ಬಯಲಿನ ಲೆಕ್ಕ. ಊರೊಳಗೆ ಮನೆ, ಮರ, ಕಾಂಕ್ರೀಟ್ ಎಲ್ಲ ಅಡ್ಡ ಬಂದು ಎರಡು ಮೂರು ಕಿಲೋಮೀಟರ್ ಸಿಕ್ಕರೆ ದೊಡ್ಡದು. ಅದೇ ದಾವಣಗೆರೆಯ ವಿದ್ಯಾನಗರದಲ್ಲೋ ನಿಟುವಳ್ಳಿಯಲ್ಲೋ ನಾಲ್ಕು ಮಹಡಿಯ ಮನೆ ಮೇಲೆ, ನೆಲದಿಂದ 20 ಮೀಟರ್ ಎತ್ತರಕ್ಕೆ ಆಂಟೆನಾ ಏರಿಸಿದರೆ ಅದೊಂದಕ್ಕೇ 18 ಕಿಲೋಮೀಟರ್ ಸಿಗುತ್ತದೆ. ಸುತ್ತ ಸಪಾಟು ನೆಲ. ಅಂಥ ಕಡೆ ಮನೆ ರಿಪೀಟರ್‌ಗೆ ಅರ್ಥ ಇದೆ. ಚಿತ್ರದುರ್ಗದಲ್ಲಿ ಕೋಟೆ ಬೆಟ್ಟದ ಬುಡಕ್ಕೆ ಅಂಟಿಕೊಂಡ ಮನೆಯಲ್ಲಿ ಆ ಅರ್ಥ ಕಡಿಮೆ. ಹಾಗಾದರೆ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೇ ಇಡೋಣ ಅಂತ ಹುಡುಗರು ಉತ್ಸಾಹದಿಂದ ಹೇಳುತ್ತಾರೆ. ಅದು ಕಾಯ್ದಿಟ್ಟ ಕಾಡು. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಕಂಬವನ್ನೂ ನೆಡುವ ಹಾಗಿಲ್ಲ, ನೆಡಲೂಬಾರದು.

ಭಾನುವಾರ ಬುರುಜನಹಟ್ಟಿಗೆ ಹೋದೆ. ಎರಡು ಮಹಡಿಯ ಮನೆ, ಪ್ಯಾರಾಪೆಟ್ ನೆಲದಿಂದ 7 ಮೀಟರ್ ಎತ್ತರ. ಅದರ ಮೇಲೆ 5 ಮೀಟರ್ ಜಿಐ ಪೈಪ್ ನಿಲ್ಲಿಸಿದೆವು. ಆಂಟೆನಾ ಅಲ್ಲೇ ಮಾಡಿದ್ದು. 145 ಮೆಗಾಹರ್ಟ್ಸ್‌ನ ಅಲೆಯ ಉದ್ದ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದರ ಕಾಲು ಭಾಗ ತೆಗೆದುಕೊಂಡು, ಲೋಹದ ಕಡ್ಡಿಗೆ ಶೇಕಡ 5ರಷ್ಟು ಕಡಿಮೆ ಮಾಡಿದರೆ 49 ಸೆಂಟಿಮೀಟರ್ ಬರುತ್ತದೆ. ಮೇಲಕ್ಕೆ ನೇರ ಒಂದು ಕಡ್ಡಿ, ಕೆಳಗೆ ನಾಲ್ಕು ದಿಕ್ಕಿಗೆ ಅಷ್ಟೇ ಉದ್ದದ ಅಥವಾ ಚೂರು ಉದ್ದದ ನಾಲ್ಕು ಕಡ್ಡಿ. ಆ ನಾಲ್ಕನ್ನೂ 45 ಡಿಗ್ರಿ ಕೆಳಗೆ ಬಗ್ಗಿಸಿದರೆ ಆಂಟೆನಾ 50 ಓಮ್ ಹತ್ತಿರ ಬಂದು ಕೇಬಲ್‌ಗೆ ಹೊಂದುತ್ತದೆ. ಕಡ್ಡಿಯನ್ನು ಮೊದಲು ಒಂದೆರಡು ಸೆಂಟಿಮೀಟರ್ ಉದ್ದವೇ ಬಿಡಿ. ಮೀಟರ್ ಇಟ್ಟು ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಬಂದರೆ ಪೂರ್ತಿ ಹೊಂದಿದೆ ಅಂತ) ನೋಡುತ್ತಾ ಚೂರು ಚೂರೇ ಕತ್ತರಿಸಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗಲ್ಲ ಅಲ್ವಾ. 1.5ರ ಒಳಗೆ ಬಂದರೆ ಸಾಕು. 1.1 ಬರಲೇಬೇಕು ಅಂತ ಸಂಜೆವರೆಗೆ ಏಣಿ ಹತ್ತಿ ಇಳಿಯುವುದು ಬೇಡ.

ಕೇಬಲ್ ಬಗ್ಗೆ ಮಾತ್ರ ನಾನು ಹಟ ಮಾಡುತ್ತೇನೆ. ಅವರು ತಂದಿಟ್ಟಿದ್ದು 30 ಮೀಟರ್ ಆರ್‌ಜಿ-58. ತೆಳ್ಳಗಿರುತ್ತದೆ, ಅಗ್ಗ, ಬೇಕಾದ ಹಾಗೆ ಬಾಗುತ್ತದೆ. ಆದರೆ 145 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ಸುಮಾರು 6 ಡೆಸಿಬೆಲ್ ನುಂಗಿಬಿಡುತ್ತದೆ. ಅಂದರೆ ಕೆಳಗೆ 20 ವ್ಯಾಟ್ ಕೊಟ್ಟರೆ ಮೇಲೆ ತಲುಪುವುದು 5. ಮಾತಾಡುವಾಗಿನ ನಷ್ಟವನ್ನು ಪವರ್ ಏರಿಸಿ ತುಂಬಿಕೊಳ್ಳಬಹುದು. ಕೇಳುವಾಗಿನ ನಷ್ಟಕ್ಕೆ ಏನು ಮಾಡುತ್ತೀರಿ? ದೂರದಿಂದ ಬಂದ ಸಣ್ಣ ಸಿಗ್ನಲ್ ಕೇಬಲ್‌ನಲ್ಲೇ ಸತ್ತರೆ ಮತ್ತೆ ಬದುಕಲ್ಲ. ಆರ್‌ಜಿ-213 ಆದರೆ ಅದರ ಅರ್ಧಕ್ಕಿಂತ ಕಡಿಮೆ ನಷ್ಟ, ಎಲ್‌ಎಂಆರ್-400 ಇನ್ನೂ ವಾಸಿ. ದುಡ್ಡು ಒಂದೇ ಕಡೆ ಹಾಕಲು ಸಾಧ್ಯ ಅಂದರೆ ಕೇಬಲ್‌ಗೆ ಹಾಕಿ. ಅವರ ಕೋಣೆಯನ್ನೇ ಮೆಟ್ಟಿಲ ಪಕ್ಕಕ್ಕೆ ಬದಲಾಯಿಸಿದೆವು. 30 ಮೀಟರ್ ಬೇಕಿದ್ದ ಕಡೆ 14 ಮೀಟರ್ ಸಾಕಾಯಿತು.

ಹೊರಗಿನ ಕನೆಕ್ಟರ್ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್ ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಜೋತುಬಿದ್ದು ಮೇಲೇರಬೇಕು. ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಳಗೆ ನೀರು ಕುಡಿದ ಕೇಬಲ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ಕಪ್ಪಾಗಿರುತ್ತದೆ. ಚಿತ್ರದುರ್ಗದವರಿಗೆ ಇನ್ನೆರಡು ಮಾತು. ಆಷಾಢದ ಗಾಳಿ ನಮ್ಮಲ್ಲಿ ಹೇಗಿರುತ್ತದೆ ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಪೈಪಿಗೆ ಮೂರು ದಿಕ್ಕಿನಿಂದ ತಂತಿ ಎಳೆದು ಕಟ್ಟಲೇಬೇಕು. ಕೋಟೆ ಕಡೆಯ ಮನೆಗಳಲ್ಲಿ ಕೋತಿಗಳು ಕಡ್ಡಿ ಹಿಡಿದು ಜೋಲಾಡುತ್ತವೆ, ಹಾಗಾಗಿ ಅಲ್ಯೂಮಿನಿಯಂ ಬದಲು ಸ್ಟೀಲ್ ಕಡ್ಡಿ ಹಾಕುತ್ತೇನೆ. ಕಂಬ ಯಾವ ದಿಕ್ಕಿಗೆ ಬಿದ್ದರೂ ಕರೆಂಟ್ ತಂತಿಗೆ ತಾಗದ ಜಾಗ ಇಲ್ಲವಾದರೆ ಆ ಮನೆಯಲ್ಲಿ ಕಂಬ ನಿಲ್ಲಿಸಬೇಡಿ. ಇದರಲ್ಲಿ ರಾಜಿಯೇ ಇಲ್ಲ.

ಸಿಡಿಲಿನ ವಿಷಯಕ್ಕೆ ಬಂದರೆ ನಮ್ಮ ಎರಡು ಊರಿನ ನೆಲವೇ ಬೇರೆ. ದಾವಣಗೆರೆ ಸುತ್ತ ಎರೆ ಮಣ್ಣು ಸಿಗುವ ಕಡೆ ತೇವ ನಿಲ್ಲುತ್ತದೆ, ಅರ್ಥಿಂಗ್ ಸಲೀಸು. ಇಲ್ಲಿ ಎರಡಡಿ ಅಗೆದರೆ ಬಂಡೆ. ಬಂಡೆ ಕೊರೆದು ಆಳಕ್ಕೆ ಇಳಿಯುವ ಬದಲು ಮೂರು ನಾಲ್ಕು ಕಡೆ ರಾಡ್ ಹಾಕಿ, ಅವನ್ನೆಲ್ಲ ತಾಮ್ರದ ಪಟ್ಟಿಯಲ್ಲಿ ಒಂದಕ್ಕೊಂದು ಸೇರಿಸಿ, ಮನೆಯ ಅರ್ಥಿಂಗ್‌ಗೂ ಜೋಡಿಸಬೇಕು. ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಿ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ, ಸಿಡಿಲಿನ ಹೊಡೆತವನ್ನು ನೆಲಕ್ಕೆ ಹಾಯಿಸುವ ಅರೆಸ್ಟರ್ ಇರಲಿ. ಆದರೂ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿ ಇಡುವುದು ಎಲ್ಲಕ್ಕಿಂತ ಕ್ಷೇಮ. ನೇರ ಬಿದ್ದ ಸಿಡಿಲನ್ನು ಅಂಗೈಯಷ್ಟಿನ ಅರೆಸ್ಟರ್ ತಡೆಯುವುದಿಲ್ಲ.

ಇಷ್ಟು ಮಾಡಿದ ಮೇಲೂ ರಿಪೀಟರ್ ಬೇಕು ಅನ್ನಿಸಿದರೆ ನಿಜವಾದ ಕಷ್ಟ ಆಗ ಶುರು.

ಒಳ್ಳೆಯ ರಿಸೀವರ್ 0.2 ಮೈಕ್ರೋವೋಲ್ಟ್‌ನಷ್ಟು ಸಣ್ಣ ಸಿಗ್ನಲ್ ಕೇಳಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಕೂತ ಟ್ರಾನ್ಸ್‌ಮಿಟರ್ 10 ವ್ಯಾಟ್ ಹೊರಹಾಕುತ್ತಿರುತ್ತದೆ. ಒಂದು ಇನ್ನೊಂದರ ಎಷ್ಟು ಪಟ್ಟು ಗೊತ್ತೇ? 1ರ ಮುಂದೆ 16 ಸೊನ್ನೆ ಹಾಕಿ, ಅದಕ್ಕಿಂತಲೂ ಜಾಸ್ತಿ. ಕಿವಿಯ ಪಕ್ಕ ತಮಟೆ ಬಾರಿಸುತ್ತಾ ದೂರದವರ ಪಿಸುಮಾತು ಕೇಳಿಸಿಕೋ ಅಂದ ಹಾಗೆ. ರಿಸೀವರ್ ಕಿವುಡಾಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಡಿಸೆನ್ಸ್ ಅನ್ನುತ್ತಾರೆ. ನಾನು ಮೊದಲ ಸಲ ರಿಪೀಟರ್ ಕಟ್ಟಿದಾಗ ಒಂದೇ ತಾರಸಿ ಮೇಲೆ ಎರಡು ಮೀಟರ್ ಅಂತರದಲ್ಲಿ ಎರಡು ಆಂಟೆನಾ ನಿಲ್ಲಿಸಿದ್ದೆ. ಬೀದಿ ತುದಿಯಿಂದ ಚೆನ್ನಾಗಿ ಕೇಳಿಸಿತು. ನಾಲ್ಕು ಕಿಲೋಮೀಟರ್ ಆಚೆ ಹೋದರೆ ಮಾತು ತುಂಡು ತುಂಡು. ಟ್ರಾನ್ಸ್‌ಮಿಟರ್ ಎದ್ದ ಕೂಡಲೇ ರಿಸೀವರ್ ಮಾತು ಬಿಟ್ಟುಬಿಡುತ್ತಿತ್ತು, ಮಾತು ಬಿಟ್ಟ ಕೂಡಲೇ ಟ್ರಾನ್ಸ್‌ಮಿಟರ್ ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಪರೀಕ್ಷೆ ಮಾಡೋದು ಕಷ್ಟವಲ್ಲ. ಒಬ್ಬರನ್ನು ಸೆಟ್ ಕೊಟ್ಟು ದೂರ ಕಳಿಸಿ, ಮಾತು ಕ್ಷೀಣವಾಗುವ ಜಾಗದಲ್ಲಿ ನಿಲ್ಲಿಸಿ. ನೀವು ರಿಸೀವರ್ ಸ್ಪೀಕರ್ ಕೇಳುತ್ತಾ ಟ್ರಾನ್ಸ್‌ಮಿಟರ್ ಆನ್ ಮಾಡಿ. ಅವರ ಮಾತು ಇನ್ನಷ್ಟು ಕುಗ್ಗಿದರೆ ಕಿವಿ ಕೆಟ್ಟಿದೆ ಅಂತ ಲೆಕ್ಕ.

ಇದಕ್ಕೆ ಪರಿಹಾರ ಡುಪ್ಲೆಕ್ಸರ್. ಎರಡು ಮೀಟರ್ ಬ್ಯಾಂಡಿನಲ್ಲಿ ಬರೀ 600 ಕಿಲೋಹರ್ಟ್ಸ್ ಅಂತರ ಇರುವುದರಿಂದ ಎರಡಡಿ ಎತ್ತರದ ಲೋಹದ ಡಬ್ಬಗಳು ಬೇಕು. ನಾಲ್ಕೋ ಆರೋ ಸಾಲಾಗಿ ನಿಲ್ಲುತ್ತವೆ, ಬೆಲೆಯೂ ದುಬಾರಿ. ಬುರುಜನಹಟ್ಟಿಯವರು ತಂದಿದ್ದ ಅಂಗೈಯಗಲದ ಡಬ್ಬಿ ಯುಎಚ್‌ಎಫ್‌ನದು, ಅಂದರೆ ಇನ್ನೂ ಮೇಲಿನ 400 ಚಿಲ್ಲರೆ ಮೆಗಾಹರ್ಟ್ಸ್‌ನದು. ಅಂಥವನ್ನು ಹೆಚ್ಚಾಗಿ 5 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಜಾಸ್ತಿ ಅಂತರಕ್ಕೆ ಮಾಡಿರುತ್ತಾರೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಅಲ್ಲಿ ಸಿಕ್ಕಿರುವ ಜಾಗ 434ರಿಂದ 438, ಒಟ್ಟು ನಾಲ್ಕೇ ಮೆಗಾಹರ್ಟ್ಸ್. ಹೊರದೇಶದ ವಿಡಿಯೊ ನೋಡಿ ತರಿಸಿದರೆ ಹೀಗಾಗುತ್ತದೆ. ಅದರ ಸ್ಕ್ರೂಗಳನ್ನು ಉಪಕರಣ ಇಲ್ಲದೆ ಸುಮ್ನೆ ತಿರುಗಿಸಲೂಬೇಡಿ.

ಮನೆ ಮಟ್ಟಕ್ಕೆ ನಾನು ಹೇಳುವುದು ಬೇರೆ ದಾರಿ. ಕ್ರಾಸ್‌ಬ್ಯಾಂಡ್ ರಿಪೀಟ್ ಸೌಲಭ್ಯ ಇರುವ ಒಂದು ಸೆಟ್. ಅದು ವಿಎಚ್‌ಎಫ್‌ನಲ್ಲಿ, ಅಂದರೆ ಎರಡು ಮೀಟರ್ ಬ್ಯಾಂಡಿನಲ್ಲಿ, ಕೇಳಿ ಯುಎಚ್‌ಎಫ್‌ನಲ್ಲಿ ಹೇಳುತ್ತದೆ; ಯುಎಚ್‌ಎಫ್‌ನಲ್ಲಿ ಕೇಳಿದ್ದನ್ನು ವಿಎಚ್‌ಎಫ್‌ನಲ್ಲಿ ಹೇಳುತ್ತದೆ. ಎರಡೂ ಬಹಳ ದೂರ ಇರುವುದರಿಂದ ದೊಡ್ಡ ಡಬ್ಬಗಳ ಗೊಡವೆ ಇಲ್ಲ. ಒಂದೇ ಎಚ್ಚರ: 145.2ನ್ನು ಮೂರರಿಂದ ಗುಣಿಸಿದರೆ 435.6. ವಿಎಚ್‌ಎಫ್‌ನಲ್ಲಿ ಮಾತಾಡುವಾಗ ಅದರ ಮೂರು ಪಟ್ಟಿನ ಪಡಿನೆರಳು ಸರಿಯಾಗಿ ಯುಎಚ್‌ಎಫ್ ಕಿವಿಯ ಮೇಲೇ ಬೀಳುವ ಸಾಧ್ಯತೆ ಇದೆ. ಜೋಡಿ ಆರಿಸುವಾಗಲೇ ಈ ಗುಣಾಕಾರ ಮಾಡಿಬಿಡಿ. ಕಾರಿನ ಸೆಟ್ ಗಂಟೆಗಟ್ಟಲೆ ಮಾತಾಡಲು ಮಾಡಿದ್ದಲ್ಲ. ಪವರ್ 10 ವ್ಯಾಟ್‌ಗೆ ಇಳಿಸಿ, ಹಿಂದೆ ಒಂದು ಫ್ಯಾನ್ ಇಡಿ, 3 ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಹಾಕಿ. ಮಾತಿನ ಜತೆ 88.5 ಹರ್ಟ್ಸ್‌ನಂಥ ಒಂದು ಟೋನ್ ಬಂದರೆ ಮಾತ್ರ ಏಳುವ ಹಾಗೆ ಇಟ್ಟರೆ ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗದ್ದಲಕ್ಕೆಲ್ಲ ಸೆಟ್ ಏಳುವುದಿಲ್ಲ.

ಬ್ಯಾಟರಿ ಮರೆಯಬೇಡಿ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದು ಅಂಡಮಾನ್‌ನ ಫೋನುಗಳು ಸತ್ತಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು ಜನರ ಕ್ಷೇಮ ಸಮಾಚಾರ ದಾಟಿಸಿದರು. ಕರೆಂಟ್ ಹೋದ ಕೂಡಲೇ ಬಾಯಿ ಮುಚ್ಚುವ ರಿಪೀಟರ್ ಅಂಥ ದಿನ ಯಾರಿಗೂ ಉಪಯೋಗವಿಲ್ಲ. ಮನೆಯ ಯುಪಿಎಸ್‌ಗೆ ಬಳಸುವಂಥದ್ದೇ ಒಂದು ಟ್ಯೂಬುಲರ್ ಬ್ಯಾಟರಿಯನ್ನು ರೇಡಿಯೊಗೆ ಪ್ರತ್ಯೇಕವಾಗಿ ಇಟ್ಟರೆ ಒಂದು ದಿನ ಧಾರಾಳವಾಗಿ ನಡೆಯುತ್ತದೆ.

ಕಾನೂನಿನ ಮಾತು ಕೊನೆಗೆ ಬಂದರೂ ಮಾಡುವಾಗ ಅದೇ ಮೊದಲು. ಹ್ಯಾಮ್ ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ರಿಪೀಟರ್‌ಗೆ ಪ್ರತ್ಯೇಕ ಅನುಮತಿ ಬೇಕು, ನಿಮ್ಮ ಸ್ವಂತ ಲೈಸೆನ್ಸ್ ಇದ್ದರೆ ಸಾಲದು. ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು ಆಳುಗಳ ಜತೆ ಮಾತಾಡಲು ಕೇಳುತ್ತಾರೆ. ಹ್ಯಾಮ್ ಬ್ಯಾಂಡನ್ನು ವ್ಯವಹಾರಕ್ಕೆ ಬಳಸುವ ಹಾಗಿಲ್ಲ. ಅವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳಿವೆ, 2018ರ ನಿಯಮದ ಪ್ರಕಾರ ಅವಕ್ಕೆ ಲೈಸೆನ್ಸ್ ಬೇಡ. ಆದರೆ ಅವನ್ನು ಇದ್ದ ಹಾಗೇ ಬಳಸಬೇಕು, ರಿಪೀಟರ್ ಕಟ್ಟುವಂತಿಲ್ಲ. ಆನ್‌ಲೈನ್‌ನಲ್ಲಿ ಸಿಕ್ಕ ಸೆಟ್ಟೆಲ್ಲ ಈ ಪಟ್ಟಿಗೆ ಸೇರಿದ್ದಲ್ಲ, ಕೊಳ್ಳುವ ಮುಂಚೆ ಫ್ರೀಕ್ವೆನ್ಸಿ ನೋಡಿ.

ಬುರುಜನಹಟ್ಟಿಯ ಕಥೆ ಎಲ್ಲಿಗೆ ಬಂತು ಅಂದರೆ, ಚಿತ್ರದುರ್ಗ ಪಟ್ಟಣ ದಾವಣಗೆರೆಗಿಂತ ನೂರು ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಆ ದಿಕ್ಕಿಗೆ ಗುಡ್ಡದ ಅಂಚು ತಪ್ಪಿಸಿ ಆಂಟೆನಾ ಏರಿಸಿದ್ದಕ್ಕೆ ಅದು ನೆರವಾಯಿತು. ಮೂರನೇ ದಿನ ಸಂಜೆ ದಾವಣಗೆರೆಯ ಸ್ನೇಹಿತರು ತಮ್ಮ ಮಹಡಿ ಮೇಲೆ ಒಂದೇ ದಿಕ್ಕಿಗೆ ಗುರಿಯಿಡುವ ಒಂದು ಯಾಗಿ ಆಂಟೆನಾವನ್ನು ಈ ಕಡೆ ತಿರುಗಿಸಿ ಕರೆದರು. ಗರಗರ ಶಬ್ದದ ನಡುವೆ ಮಾತು ಅರ್ಥವಾಗುವಷ್ಟು ಕೇಳಿಸಿತು, ಇವರ ಮಾತೂ ಅಲ್ಲಿಗೆ ತಲುಪಿತು. ನಡುವೆ ಯಾವ ರಿಪೀಟರೂ ಇಲ್ಲ. ಚೀಲ ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಡುಪ್ಲೆಕ್ಸರ್ ವಾಪಸ್ ಮಾಡುತ್ತಿದ್ದಾರೆ. ಆ ದುಡ್ಡಿಗೆ ದಾವಣಗೆರೆ ಮನೆಗೂ ಒಳ್ಳೆಯ ಕೇಬಲ್ ಬರುತ್ತದೆ.