ಮನೆಯ ಮೇಲೆ ಬಾಗಿದ ಹಲಸಿನ ಮರ: ತಲೆ ಕಡಿಸಿದರೆ ಸಾಕಾ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಮನೆ. ಹಿತ್ತಿಲ ಧರೆಯ (ಗುಡ್ಡ ಕಡಿದು ಉಳಿದ ಕಡಿದಾದ ದಿಬ್ಬ) ಮೇಲೆ ಹಳೆಯ ಹಲಸಿನ ಮರವಿದ್ದು, ಹೆಂಚಿನ ಮಾಡಿನ ಕಡೆಗೆ ಬಾಗಿದೆ. ಮಳೆಗಾಲದ ಗಾಳಿ ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ. ಮರ ಕಡಿಯುವವರು ‘ತಲೆ ಸವರಿ ಬಿಡೋಣ, ಅರ್ಧ ದಿನದ ಕೆಲಸ’ ಅನ್ನುತ್ತಾರೆ. ಸವರಿಸಿದರೆ ಸಾಕಾ, ಇಲ್ಲ ಬುಡಕ್ಕೇ ಕಡಿಸಬೇಕಾ?

ಉತ್ತರ: ತಲೆ ಮಾತ್ರ ಕಡಿಸಬೇಡಿ. ಬುಡ ಗಟ್ಟಿಯಿದ್ದರೆ ಮಾಡಿನ ಕಡೆಯ ಭಾರವನ್ನಷ್ಟೇ ಸರಿಯಾದ ಜಾಗದಲ್ಲಿ ಕೊಯ್ಸಿ ಇಳಿಸಿ. ಬುಡ ಕೆಟ್ಟಿದ್ದರೆ ಇಡೀ ಮರವನ್ನು ಮೇಲಿನಿಂದ ತುಂಡುತುಂಡಾಗಿ ತೆಗೆಸಿ. ಎರಡರಲ್ಲಿ ಯಾವುದು ಅನ್ನುವುದನ್ನು ಹೇಳುವುದು ಬುಡವೇ. ಕೆಲಸ ಬಲ್ಲವನು ಬಂದ ಕೂಡಲೇ ಮರ ಹತ್ತುವುದಿಲ್ಲ, ಮೊದಲು ಅರ್ಧ ಗಂಟೆ ಮರದ ಸುತ್ತ ತಿರುಗುತ್ತಾನೆ.

ಅವನು ಮೊದಲು ನೋಡುವುದು ಬಾಗಿದ ದಿಕ್ಕಿನ ಎದುರು ಬದಿಯ ನೆಲವನ್ನು. ಅಲ್ಲಿ ಮಣ್ಣು ಬಿರುಕು ಬಿಟ್ಟಿದ್ದರೆ, ಬೇರಿನ ಬುಡ ಎತ್ತಿಕೊಂಡಂತಿದ್ದರೆ ಮರ ಈಗ ಬಾಗುತ್ತಿದೆ ಎಂದರ್ಥ. ಕಾಂಡ ಓರೆಯಾಗಿದ್ದು ತುದಿ ಮಾತ್ರ ಮತ್ತೆ ನೆಟ್ಟಗೆ ಆಕಾಶಕ್ಕೆ ತಿರುಗಿದ್ದರೆ ಅದು ಎಳೆಯದರಲ್ಲೇ ಬಾಗಿ, ಬೇರಿನಿಂದ ಸಂಭಾಳಿಸಿಕೊಂಡ ಮರ. ಅದಕ್ಕೆ ಅಷ್ಟು ಹೆದರಬೇಕಿಲ್ಲ. ಮಲೆನಾಡಿನಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ: ಧರೆ. ಮನೆ ಕಟ್ಟಲು, ರಸ್ತೆ ಅಗಲ ಮಾಡಲು ಜೆಸಿಬಿ ತಂದು ಗುಡ್ಡ ಕಡಿದಿರುತ್ತಾರೆ. ಮರದ ಬಹುಪಾಲು ಬೇರು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಅಗಲಕ್ಕೆ ಹರಡಿರುವುದರಿಂದ, ಧರೆ ಕಡಿದಾಗ ಒಂದು ಬದಿಯ ಬೇರೇ ಹೋಗಿಬಿಡುತ್ತದೆ. ಆ ವರ್ಷ ಏನೂ ಆಗುವುದಿಲ್ಲ. ಕಡಿದ ಬೇರು ನಿಧಾನಕ್ಕೆ ಕೊಳೆತು, ಕೆಲವು ಮಳೆಗಾಲ ಕಳೆದ ಮೇಲೆ, ಮಣ್ಣು ನೀರು ಕುಡಿದು ಸಡಿಲಾದ ಆರಿದ್ರ, ಪುನರ್ವಸು ಮಳೆಯಲ್ಲಿ ಮರ ಬೇರು ಸಮೇತ ಮಗುಚುತ್ತದೆ. ಹಾಗಾಗಿ ಧರೆ ಯಾವಾಗ ಕಡಿದದ್ದು ಎಂಬ ಲೆಕ್ಕ ನಿಮ್ಮ ಹತ್ತಿರ ಇರಲಿ.

ಆಮೇಲೆ ಬುಡದಲ್ಲಿ ಅಣಬೆ. ಅಡಿಕೆ, ತೆಂಗಿಗೆ ಅಣಬೆ ರೋಗ ತರುವಂಥ ಗಟ್ಟಿ, ಕಂದು, ತಟ್ಟೆಯಾಕಾರದ ಅಣಬೆ ಹಲಸಿನ ಬುಡದಲ್ಲಿ ಕಂಡರೆ ಒಳಗೆ ಬೇರು ಕೊಳೆಯುತ್ತಿರುವ ಸಾಧ್ಯತೆ ಹೆಚ್ಚು. ಕತ್ತಿಯ ಹಿಂಭಾಗದಿಂದ ಕಾಂಡವನ್ನು ಸುತ್ತಲೂ ಕುಟ್ಟುತ್ತಾ ಬನ್ನಿ. ಟೊಳ್ಳಿರುವ ಕಡೆ ಸದ್ದು ಡೊಳ್ಳಿನಂತೆ ತಿರುಗುತ್ತದೆ. ಟೊಳ್ಳಿದ್ದ ಮಾತ್ರಕ್ಕೆ ಮರ ಕಡಿಯಬೇಕೆಂದಿಲ್ಲ. ಗಟ್ಟಿ ಉಳಿದ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಮಾತ್ರ ಅಪಾಯ ಎಂದು ಹಿಡಿಯುವುದು ರೂಢಿ. ಎರಡಡಿ ಅಡ್ಡಳತೆಯ ಕಾಂಡಕ್ಕೆ ಅದು ಸುಮಾರು ನಾಲ್ಕು ಇಂಚು.

ತಲೆ ಸವರುವ ಅಭ್ಯಾಸ ನಮಗೆ ಬಂದದ್ದು ಸೊಪ್ಪಿನ ಬೆಟ್ಟದಿಂದ. ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ಬೇಕು, ಕಡಿದಷ್ಟೂ ಚಿಗುರಬೇಕು. ಅಲ್ಲಿ ಅದು ಸರಿಯಾದ ಪದ್ಧತಿ. ಮನೆ ಪಕ್ಕದ ಮರಕ್ಕೆ ಅದೇ ಮಾಡಿದರೆ ಕಡಿದ ಮೋಟಿನ ಸುತ್ತ ಹತ್ತಾರು ಚಿಗುರು ಏಳುತ್ತವೆ. ಅವು ತೊಗಟೆಯ ಅಡಿಯಿಂದ ಎದ್ದವು, ಮರದ ತಿರುಳಿಗೆ ಬೆಸೆದುಕೊಂಡಿರುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಮರ ಮೊದಲಿನ ಎತ್ತರಕ್ಕೇ ಬರುತ್ತದೆ, ಆದರೆ ಈಗ ಒಂದೊಂದು ಕೊಂಬೆಯೂ ಕೊಳೆಯುತ್ತಿರುವ ಮೋಟಿನ ಅಂಚಿಗೆ ಅಂಟಿಕೊಂಡಿರುತ್ತದೆ. ಮರಕ್ಕೆ ನಮ್ಮ ಚರ್ಮದಂತೆ ಗಾಯ ಮಾಯುವುದಿಲ್ಲ; ಗಾಯದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು ಕೊಳೆಯನ್ನು ಅಲ್ಲೇ ತಡೆಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ. ನಡುಕಾಂಡದಲ್ಲಿ ಅಡ್ಡ ಕಡಿದರೆ ಆ ಗೋಡೆ ಕಟ್ಟಲು ಮರಕ್ಕೆ ಆಗುವುದಿಲ್ಲ.

ಹಾಗಾದರೆ ಎಲ್ಲಿ ಕೊಯ್ಯಬೇಕು? ಕೊಂಬೆ ಕಾಂಡವನ್ನು ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಬಳೆ ತೊಟ್ಟ ಹಾಗೆ ಸ್ವಲ್ಪ ಉಬ್ಬು, ಮೇಲುಗಡೆ ತೊಗಟೆ ಸುಕ್ಕುಗಟ್ಟಿದ ಒಂದು ಗೆರೆ ಇರುತ್ತದೆ. ಮರ ಗೋಡೆ ಕಟ್ಟುವುದು ಈ ಉಬ್ಬಿನಲ್ಲಿ. ಕೊಯ್ತ ಇದರ ಹೊರಗೆ, ಆದರೆ ಇದಕ್ಕೆ ತಾಗಿದಂತೆ ಬರಬೇಕು. ಕಾಂಡಕ್ಕೆ ನುಣ್ಣಗೆ ಸವರಿದರೆ ಉಬ್ಬು ಹೋಯಿತು. ಒಂದಡಿ ಮೋಟು ಬಿಟ್ಟರೆ ಅದು ಒಣಗಿ ಕೊಳೆಗೆ ದಾರಿಯಾಯಿತು. ಭಾರದ ಕೊಂಬೆಯಾದರೆ ಒಂದೇ ಏಟಿಗೆ ಕೊಯ್ಯಬಾರದು, ತೊಗಟೆ ಕಾಂಡದುದ್ದಕ್ಕೂ ಸಿಗಿದು ಬರುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಅಲ್ಲಿಂದ ಒಂದೆರಡು ಇಂಚು ಆಚೆಗೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿ. ಉಳಿದ ಮೋಟನ್ನು ಉಬ್ಬಿನ ಹೊರಗೆ ಕೊನೆಯದಾಗಿ ತೆಗೆಯಿರಿ. ಕೊಂಬೆಯನ್ನು ಪೂರ್ತಿ ತೆಗೆಯದೆ ಗಿಡ್ಡ ಮಾಡುವುದಾದರೆ, ಅದರ ದಪ್ಪದ ಮೂರನೇ ಒಂದು ಭಾಗಕ್ಕಾದರೂ ಬರುವ ಕವಲಿನ ತನಕ ಹಿಂದಕ್ಕೆ ಬನ್ನಿ. ಆ ಕವಲು ಮುಂದೆ ತುದಿಯಾಗುತ್ತದೆ. ಒಂದು ವರ್ಷದಲ್ಲಿ ಒಟ್ಟು ಸೊಪ್ಪಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಸಬೇಡಿ. ಗಾಯಕ್ಕೆ ಡಾಂಬರು ಬಳಿಯುವುದೂ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ಹೆಂಚಿನ ಮಾಡಿನ ಮೇಲಿನ ಕೆಲಸದಲ್ಲಿ ಗರಗಸಕ್ಕಿಂತ ಹಗ್ಗ ದೊಡ್ಡದು. ಒಂದಡಿ ದಪ್ಪದ ಹಸಿ ದಿಮ್ಮಿ ಒಂದು ಮೀಟರ್ ಉದ್ದವಿದ್ದರೆ 60-70 ಕೆಜಿ ತೂಗುತ್ತದೆ. ದಪ್ಪ ಎರಡಡಿಯಾದರೆ ತೂಕ ನಾಲ್ಕು ಪಟ್ಟು. ಸಡಿಲ ಹಗ್ಗದಲ್ಲಿ ಅದು ಒಂದು ಮೀಟರ್ ಬಿದ್ದು ನಿಂತರೆ ಹಗ್ಗಕ್ಕೂ ಅದನ್ನು ಕಟ್ಟಿದ ಕವಲಿಗೂ ಬೀಳುವ ಜಗ್ಗು ಇದಕ್ಕಿಂತ ಎಷ್ಟೋ ಪಟ್ಟು. ನಾಲ್ಕು ಜನ ಕೈಯಲ್ಲಿ ಹಿಡಿದು ನಿಲ್ಲಿಸುವ ಮಾತಲ್ಲ ಅದು. ಹಗ್ಗವನ್ನು ಮೇಲೆ ಗಟ್ಟಿ ಕವಲಿನಲ್ಲಿ ರಾಟೆಗೆ ಹಾಯಿಸಿ, ಕೆಳಗೆ ಕಾಂಡಕ್ಕೆ ಎರಡು ಮೂರು ಸುತ್ತು ಹಾಕಬೇಕು. ಆ ಸುತ್ತಿನ ಘರ್ಷಣೆಯೇ ಭಾರ ಹಿಡಿಯುತ್ತದೆ, ಕೆಳಗಿದ್ದವನು ಮೆಲ್ಲಗೆ ಬಿಡುತ್ತಾ ಇಳಿಸುತ್ತಾನೆ. ಅವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ದಿಮ್ಮಿಯ ನೇರ ಕೆಳಗೆ ನಿಲ್ಲಬಾರದು.

ದಿಮ್ಮಿ ಇಳಿಸಿದ ಹಗ್ಗದಲ್ಲಿ ಮನುಷ್ಯ ಹತ್ತಬಾರದು. ಒಳಗಿನ ಎಳೆ ಕಡಿದದ್ದು ಹೊರಗೆ ಕಾಣುವುದಿಲ್ಲ. ಹತ್ತುವುದಕ್ಕೆ ಹೆಚ್ಚು ಹಿಗ್ಗದ, 11ರಿಂದ 13 ಮಿಮೀ ದಪ್ಪದ, ಎರಡು ಟನ್ನಿಗೂ ಮಿಕ್ಕಿ ತಡೆಯುವ ಹಗ್ಗ ಬೇಕು. ಸೊಂಟಕ್ಕೂ ತೊಡೆಗೂ ಹಿಡಿಯುವ ಹಾರ್ನೆಸ್ ಬೇಕು. ಕಾಂಡಕ್ಕೆ ಸುತ್ತಿಕೊಳ್ಳುವ, ಒಳಗೆ ಉಕ್ಕಿನ ತಂತಿಯಿರುವ ಎರಡನೇ ಪಟ್ಟಿ ಬೇಕು. ಗರಗಸ ಓಡುವಾಗ ಎರಡೂ ಕಟ್ಟಿರಲೇಬೇಕು, ಏಕೆಂದರೆ ಒಂದಕ್ಕೆ ಚೈನ್ ತಾಗಿದರೆ ಇನ್ನೊಂದು ಉಳಿಯಬೇಕು. ಅಡಿಕೆ ಕೊನೆ ಕೊಯ್ಯುವವರು ಕಾಲಿಗೆ ಹಾಕಿಕೊಳ್ಳುವ ತಳೆ (ಹಗ್ಗದ ಬಳೆ) ಅಡಿಕೆ ಮರಕ್ಕೆ ಹೇಳಿಮಾಡಿಸಿದ್ದು. ಕವಲೊಡೆದ ದಪ್ಪ ಹಲಸಿಗೆ ಅದು ಸಾಲದು. ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು ಉಳಿಸಿಕೊಳ್ಳುವ ಮರಕ್ಕೆ ಬೇಡ, ಪ್ರತಿ ಹೆಜ್ಜೆಯೂ ಒಂದು ಗಾಯ. ಹಲಸಿನ ಮೇಣ ಕೈಗರಗಸಕ್ಕೆ ಮೆತ್ತಿಕೊಂಡರೆ ಹಲಸಿನ ಹಣ್ಣು ಬಿಡಿಸುವಾಗ ಮಾಡುವಂತೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಹಗ್ಗಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ. ಸಾಬೂನು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಮರದ ಮೇಲೆ ಬಳಸುವ ಚೈನ್ ಸಾ ಮೂರು ನಾಲ್ಕು ಕೆಜಿಯದು, 12 ಅಥವಾ 14 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ). ನೆಲದ ಮೇಲೆ ದಿಮ್ಮಿ ಕೊಯ್ಯುವ 18 ಇಂಚಿನದನ್ನು ಮೇಲಕ್ಕೆ ಒಯ್ಯಬಾರದು. ಚಿಕ್ಕದಾದರೂ ಎರಡು ಕೈಯಲ್ಲೇ ಹಿಡಿಯಬೇಕು. ಬಾರ್‌ನ ಮೂತಿಯ ಮೇಲ್ತುದಿ ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಎಗರುತ್ತದೆ. ಬೀಳುವ ಪುಡಿ ನೋಡಿ ಚೈನ್ ಹೇಗಿದೆ ಹೇಳಬಹುದು: ಅಕ್ಕಿತರಿಯಷ್ಟು ದಪ್ಪ ಚೂರು ಬಂದರೆ ಹರಿತ, ಹಿಟ್ಟಿನಂತೆ ಬಂದರೆ ಮೊಂಡು. ಮೊಂಡು ಚೈನನ್ನು ಒತ್ತಿ ಕೊಯ್ಯಲು ಹೋದಾಗಲೇ ಕೈ ಜಾರುವುದು. ಪೆಟ್ರೋಲ್ ತುಂಬಿಸಿದಾಗಲೆಲ್ಲ ಚೈನ್ ಎಣ್ಣೆಯನ್ನೂ ತುಂಬಿಸಬೇಕು.

ಹತ್ತುವ ಮೊದಲು ಚಗಳಿ (ಕಚ್ಚುವ ಕೆಂಪಿರುವೆ) ಗೂಡು, ಪೊಟರೆಯ ತುಡುವೆ ಜೇನು, ಕೊಂಬೆಯಡಿಯ ಹೆಜ್ಜೇನು ನೋಡಿಕೊಳ್ಳಿ. ಹೆಜ್ಜೇನಿದ್ದರೆ ಆ ದಿನ ಮೆಷಿನ್ ಶುರು ಮಾಡುವುದೇ ಬೇಡ. ಕೊಂಬೆಯ ಮೇಲೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಇದ್ದರೆ ತೊಗಟೆ ಸಮೇತ ಬಿಡಿಸಿ ಪಕ್ಕದ ಮರಕ್ಕೆ ಕಟ್ಟಿ, ಬದುಕುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ 1912ಕ್ಕೆ ಕರೆ ಮಾಡಿ, ವಿದ್ಯುತ್ ಕಂಪನಿ ಮೆಸ್ಕಾಂನವರೇ ಬಂದು ಲೈನ್ ತೆಗೆದ ಮೇಲೆ ಕೆಲಸ. ಅಲ್ಯೂಮಿನಿಯಂ ದೋಟಿಯನ್ನು ಆ ದಿಕ್ಕಿಗೆ ಎತ್ತಲೇಬೇಡಿ.

ಬುಡ ಕೆಟ್ಟ ಮರಕ್ಕೆ ಯಾರನ್ನೂ ನೇರ ಹತ್ತಿಸಬೇಡಿ. ಪಕ್ಕದ ಗಟ್ಟಿ ಮರಕ್ಕೆ ಹಗ್ಗ ಕಟ್ಟಿ ಅದರಿಂದ ತೂಗಿಕೊಂಡು ಕೆಲಸ ಮಾಡಬೇಕು, ಇಲ್ಲವೇ ಕ್ರೇನ್ ತರಿಸಬೇಕು. ಬಾಗಿದ ಮರವನ್ನು ಬುಡದಲ್ಲೇ ಕೊಯ್ದು ಬೀಳಿಸಲು ಹೋದರೆ ಇನ್ನೊಂದು ಗಂಡಾಂತರ: ಹಿಂಬದಿಯ ನಾರು ಬಿಲ್ಲಿನ ಹೆದೆಯಂತೆ ಬಿಗಿದಿರುತ್ತದೆ, ಕೊಯ್ತ ಮುಗಿಯುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ ಕೊಯ್ಯುವವನ ಎದೆಗೆ ಎಗರುತ್ತದೆ. ಪೂರ್ತಿ ತೆಗೆಸುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನುಮತಿಯ ವಿಷಯ ಬರುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ನಿಮ್ಮ ಮರದ್ದನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಇದೆಲ್ಲ ಮೃಗಶಿರ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿಯಲಿ. ತೊಗಟೆಗೆ ಪಾಚಿ ಕಟ್ಟಿದ ಮೇಲೆ ಕಾಲು ನಿಲ್ಲುವುದಿಲ್ಲ. ಮರ ಉಳಿಸಿಕೊಂಡಿರಾದರೆ, ಕಾಂಡದಲ್ಲಿ ಏಳೆಂಟು ಅಡಿ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ಗಾರೆಯವರ ತೂಗುಗುಂಡು ಇಳಿಬಿಡಿ. ಗುಂಡು ಮುಟ್ಟಿದ ಜಾಗದಲ್ಲಿ ಗೂಟ ಹೊಡೆಯಿರಿ. ಜೋರು ಮಳೆಯ ಪ್ರತಿ ವಾರ ಅದೇ ಗುರುತಿನಿಂದ ಮತ್ತೆ ಇಳಿಬಿಟ್ಟು ನೋಡಿ. ಗುಂಡು ಗೂಟದಿಂದ ಮಾಡಿನ ಕಡೆ ಸರಿದಿದ್ದರೆ ಆ ಬದಿಯ ಕೋಣೆಯಲ್ಲಿ ಮಲಗಬೇಡಿ, ಅಂದೇ ಮರದವರನ್ನು ಕರೆಸಿ.