ಅವರು ಕಾಣುತ್ತಾರೆ, ನಾವು ಕಾಣುವುದಿಲ್ಲ

‘ಮಗಳು ನಮಗೆ ಚೆನ್ನಾಗಿ ಕಾಣುತ್ತಾಳೆ, ನಾವು ಮಾತ್ರ ಅವಳಿಗೆ ಕಾಣುವುದಿಲ್ಲವಂತೆ. ಮೊಬೈಲ್ ಹಾಳಾಯಿತೇ?’ ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೆ ಇಂಟರ್‌ನೆಟ್ ಜೋಡಿಸಿಕೊಡುವ ನನ್ನ ಕೆಲಸದಲ್ಲಿ ಇದರಷ್ಟು ಕೇಳಿಬರುವ ದೂರು ಬೇರೊಂದಿಲ್ಲ.

ಮೊಬೈಲ್ ಹಾಳಾಗಿರುವುದಿಲ್ಲ. ಅಡಿಕೆ ತೋಟ ಇರುವುದು ಕಣಿವೆಯಲ್ಲಿ, ಮನೆ ತೋಟದ ತಲೆಯಲ್ಲಿ, ಟವರ್ ಗುಡ್ಡದಾಚೆ. ಟವರಿನ ಪ್ರಸಾರ ಶಕ್ತಿ ಹತ್ತಾರು ವ್ಯಾಟ್. ಕೈಯಲ್ಲಿರುವ ಫೋನಿನದು ಸಾಮಾನ್ಯವಾಗಿ 0.2 ವ್ಯಾಟ್. ಟವರ್ ಕೂಗಿದ್ದು ನಮಗೆ ಕೇಳುತ್ತದೆ, ನಾವು ಕೂಗಿದ್ದು ಅದಕ್ಕೆ ಮುಟ್ಟುವುದಿಲ್ಲ. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳು ಅಳೆಯುವುದು ಟವರಿನಿಂದ ಬಂದದ್ದನ್ನು ಮಾತ್ರ. ಹೋಗುವ ದಾರಿ ಹೇಗಿದೆ ಎಂಬುದನ್ನು ಅವು ಹೇಳುವುದೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿ ದೊಡ್ಡ ಸಂಖ್ಯೆಯೊಂದನ್ನು ನನ್ನ ಮುಂದೆ ಹಿಡಿಯುವವರೂ ಇದ್ದಾರೆ. ಅದು ಡೌನ್‌ಲೋಡ್, ಎಂದರೆ ಬರುವ ದಾರಿಯ ವೇಗ. ವಿಡಿಯೊ ಕರೆಗೆ ನೋಡಬೇಕಾದದ್ದು ಅದರ ಪಕ್ಕದ ಅಪ್‌ಲೋಡ್ ಸಂಖ್ಯೆ, ಹೋಗುವ ದಾರಿಯದು.

ಇಬ್ಬರ ನಡುವಿನ ಸ್ಪಷ್ಟ ವಿಡಿಯೊ ಕರೆಗೆ ಹೋಗುವುದಕ್ಕೂ ಬರುವುದಕ್ಕೂ ತಲಾ 600 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್ ಎಂಬ ವೇಗದ ಲೆಕ್ಕ) ಬೇಕೆಂದು ವಿಡಿಯೊ ಕರೆಯ ಆ್ಯಪ್ ಜೂಮ್ ಹೇಳುತ್ತದೆ. ಬರೀ ಮಾತಾದರೆ 100ರೊಳಗೆ ಮುಗಿಯುತ್ತದೆ. ಇಂಟರ್‌ನೆಟ್ ಕರೆಗಳಲ್ಲಿ ಬಹಳ ಬಳಕೆಯಲ್ಲಿರುವ ಓಪಸ್ ಎಂಬ ಧ್ವನಿ ತಂತ್ರ 2012ರಲ್ಲಿ ಪ್ರಮಾಣಿತವಾಯಿತು. ಅದು 6 ಕೆಬಿಪಿಎಸ್‌ವರೆಗೂ ಇಳಿದು ಮಾತನ್ನು ದಾಟಿಸಬಲ್ಲದು. ಆದ್ದರಿಂದ ಕರೆ ತಡವರಿಸಿದಾಗ ಮೊದಲು ಮುಚ್ಚಬೇಕಾದದ್ದು ನಮ್ಮ ಕಡೆಯ ಕ್ಯಾಮೆರಾ. ಜನ ಮಾಡುವುದು ತಿರುಗಾ ಮುರುಗಾ: ‘ನೀನು ವಿಡಿಯೊ ಆಫ್ ಮಾಡು’ ಎಂದು ಮಗಳಿಗೆ ಹೇಳುತ್ತಾರೆ. ಬರುವ ದಾರಿ ಸರಿಯಾಗಿಯೇ ಇರುವಾಗ ಅದನ್ನು ಖಾಲಿ ಮಾಡಿ ಏನು ಪ್ರಯೋಜನ? ಅಜ್ಜಿಯ ಮುಖ ನೋಡಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಮೊದಲೊಂದು ನಿಮಿಷ ತೋರಿಸಿ, ಕ್ಯಾಮೆರಾ ಮುಚ್ಚಿ, ಮಾತು ಮುಂದುವರಿಸಿ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಮತ್ತು ಡೇಟಾ ವಿಭಾಗದಲ್ಲಿ ಕರೆಗಳಿಗೆ ಕಡಿಮೆ ಡೇಟಾ ಬಳಸುವ ಆಯ್ಕೆಯಿದೆ. ಕಣಿವೆಯ ಮನೆಗಳಲ್ಲಿ ನಾನು ಅದನ್ನು ಆನ್ ಮಾಡಿಯೇ ಬರುತ್ತೇನೆ.

ಇನ್ನು ಮಳೆ. ಆರಿದ್ರಾ ಹಿಡಿಯಿತೆಂದರೆ ಸಿಗ್ನಲ್ ಹೋಯಿತು ಎಂಬುದು ನಮ್ಮಲ್ಲಿ ಗಟ್ಟಿಯಾದ ನಂಬಿಕೆ. ಫೋನು ಮತ್ತು ಟವರಿನ ನಡುವಿನ 700ರಿಂದ 2300 ಮೆಗಾಹರ್ಟ್ಸ್ ಅಲೆಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಮಳೆಯಲ್ಲಿ ಹೋಗುವುದು ಕರೆಂಟು. ಅದರ ಹಿಂದೆ ಟವರಿನ ಬ್ಯಾಟರಿ. ಮರ ಬಿದ್ದು ಟವರಿಗೆ ಇಂಟರ್‌ನೆಟ್ ತರುವ ಫೈಬರ್ ಕೇಬಲ್ ತುಂಡಾಗುತ್ತದೆ. ಇನ್ನು ಕೆಲವು ಟವರುಗಳು ಒಂದರೊಡನೊಂದು ಮಾತಾಡುವುದು ಮೈಕ್ರೋವೇವ್ ತಟ್ಟೆಗಳ ಮೂಲಕ. ಆ ಅಲೆಗಳು 10 ಗಿಗಾಹರ್ಟ್ಸ್‌ಗೂ ಮೇಲಿನವಾದರೆ ಆಗುಂಬೆಯಂಥ ಮಳೆ ಅವನ್ನು ನುಂಗಿಬಿಡುತ್ತದೆ. ಪರದೆಯಲ್ಲಿ ಕಡ್ಡಿಗಳು ತುಂಬಿದ್ದೂ ಯಾವುದೂ ತೆರೆಯದಿದ್ದರೆ ಟವರಿನ ಹಿಂದಿನ ದಾರಿ ಕಡಿದಿರುವ ಸಾಧ್ಯತೆಯೇ ಹೆಚ್ಚು. ಆಗ ಕೊಡೆ ಹಿಡಿದು ಗುಡ್ಡ ಹತ್ತಿ ಅದೇ ಟವರಿಗೆ ಹತ್ತಿರವಾಗಿ ಫಲವಿಲ್ಲ.

ಫೈಬರ್ ಬಂದ ಮನೆಗಳಲ್ಲಿ ಅಪ್‌ಲೋಡಿನ ಗೋಳು ಇಲ್ಲ, ತೊಂದರೆ ಮನೆಯೊಳಗಿನದು. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್ ವೈಫೈಗಿಂತ 2.4 ವಾಸಿ. ಕರೆಂಟು ಹೋಗಿ ಬಂದಾಗಲೆಲ್ಲ ರೂಟರ್ ಹೊಸದಾಗಿ ಎದ್ದು ಕೂರಲು ಕೆಲವು ನಿಮಿಷ ಬೇಕು. 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟರೆ ಕರೆ ಕಡಿಯುವುದಿಲ್ಲ. ಫೈಬರಿನೊಳಗಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು ನಿಜ, ಆದರೆ ರೂಟರಿನ ವಿದ್ಯುತ್ ತಂತಿಯಲ್ಲಿ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡಿ, ಆಗ ಯುಪಿಎಸ್ ಸಹಿತ.

ಕರೆಗೆ ಎರಡೂ ತುದಿ ಒಂದೇ ಕ್ಷಣದಲ್ಲಿ ಜೀವಂತವಾಗಿರಬೇಕು. ಸಂದೇಶಕ್ಕೆ ಆ ಹಂಗಿಲ್ಲ. ಕಳಿಸಿದ್ದು ನಿಮ್ಮ ಫೋನಿನಲ್ಲೇ ಕಾಯುತ್ತದೆ, ಸಿಗ್ನಲ್ ಸಿಕ್ಕಿದಾಗ ಹೊರಡುತ್ತದೆ. ಆ ತುದಿಯ ಫೋನು ಆಫ್ ಆಗಿದ್ದರೆ ವಾಟ್ಸ್‌ಆ್ಯಪ್ ಸರ್ವರ್ ಅದನ್ನು 30 ದಿನಗಳವರೆಗೆ ಇಟ್ಟುಕೊಂಡಿರುತ್ತದೆ. ಮಲೆನಾಡಿಗೆ ಇದೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಡಿಕೆಯ ಎಲೆಚುಕ್ಕಿ ರೋಗವನ್ನು ತಜ್ಞರಿಗೆ ವಿಡಿಯೊ ಕರೆಯಲ್ಲಿ ತೋರಿಸಲು ಹೊರಡುವವರನ್ನು ನೋಡಿದ್ದೇನೆ. ದಾರಿ ಕಿರಿದಾದಾಗ ಆ್ಯಪ್ ಮೊದಲು ಒರೆಸಿಹಾಕುವುದು ಸೂಕ್ಷ್ಮ ವಿವರಗಳನ್ನೇ. ಚುಕ್ಕಿಯೂ ಹಸಿರೂ ಕಲಸಿಹೋಗುತ್ತವೆ. ಅದರ ಬದಲು ಸೋಗೆಯನ್ನು ಅಂಗಳದ ಬೆಳಕಿಗೆ ತಂದು ಫೋಟೊ ತೆಗೆಯಿರಿ. ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಆ್ಯಪ್ ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಜೊತೆಗೊಂದು ಧ್ವನಿ ಸಂದೇಶವಿರಲಿ: ತೋಟದ ಯಾವ ಭಾಗ, ಯಾವಾಗಿನಿಂದ, ಕೊನೆಯ ಬಾರಿ ಔಷಧಿ ಹೊಡೆದದ್ದು ಯಾವಾಗ ಎಂದು.